ಚಾರ್ಮಾಡಿಯ ಡ್ರೈವರ್, ಅಬುಧಾಬಿಯ ಐದು ಸೆಕೆಂಡು

ಅಪ್ಪ ಕೆಎಸ್ಸಾರ್ಟಿಸಿಯಲ್ಲಿ 33 ವರ್ಷ ಡ್ರೈವರ್ ಆಗಿದ್ದರು. ಅದರಲ್ಲಿ ಹೆಚ್ಚುಪಾಲು ಚಿಕ್ಕಮಗಳೂರು–ಮಂಗಳೂರು ರೂಟು, ಚಾರ್ಮಾಡಿ ಘಾಟಿಯ ಮೇಲೆ. ಮಳೆಗಾಲದಲ್ಲಿ ಆ ಘಾಟಿಯ ಮಂಜು ನೋಡಿದವರಿಗೆ ಗೊತ್ತು, ಬಸ್ಸಿನ ಮುಂದಿನ ಗಾಜಿನಾಚೆ ಹತ್ತು ಅಡಿ ಕಂಡರೆ ಪುಣ್ಯ. ಅಲ್ಲಿ ಅವರ ವೇಗ ಗಂಟೆಗೆ 20 ಕಿ.ಮೀ. ಬಯಲಿಗೆ ಬಂದರೂ ಬಸ್ಸು 80ಕ್ಕೆ ಲಾಕ್. 2023ರಲ್ಲಿ ನಿವೃತ್ತರಾದಾಗ ಡಿಪೋದಲ್ಲಿ ಶಾಲು ಹೊದಿಸಿದರು. ಒಂದು ಅಪಘಾತವೂ ಇಲ್ಲದ ಸರ್ವೀಸು. ಬೆಳ್ಳಿ ಪದಕ ಮನೆಯ ಶೋಕೇಸಿನಲ್ಲಿದೆ.

ತಮ್ಮ ಅಬುಧಾಬಿಯಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ವಿಡಿಯೋ ಕಾಲ್‌ನಲ್ಲಿ, "ಅಪ್ಪಾ, ಇಲ್ಲಿ ಒಂದು ರೋಲರ್ ಕೋಸ್ಟರ್ ಇದೆ. ಐದೇ ಸೆಕೆಂಡಿಗೆ 240 ಕಿಲೋಮೀಟರ್ ಸ್ಪೀಡಿಗೆ ಹೋಗುತ್ತೆ" ಅಂದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು. "ಬ್ರೇಕ್ ಹೇಗೆ ಹಿಡೀತಾರೋ ಅದಕ್ಕೆ?"

ತಮ್ಮನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಈ ಪ್ರವಾಸ ಶುರುವಾಗಿದ್ದು ಅಲ್ಲಿಂದಲೇ ಅಂತ ನನಗೆ ಈಗ ಅನ್ನಿಸುತ್ತದೆ.

ಮೊದಲ ದಿನ, ಭಾನುವಾರ

2025ರ ಜನವರಿ, ಸಂಕ್ರಾಂತಿಯ ವಾರ. ವೀಸಾ, ಟಿಕೆಟ್ ಎಲ್ಲ ತಮ್ಮನೇ ನೋಡಿಕೊಂಡಿದ್ದ. ಮಂಗಳೂರಿನಿಂದ ನೇರ ವಿಮಾನ.

ಚಿಂತೆ ಇದ್ದಿದ್ದು ಅಮ್ಮನ ಬ್ಯಾಗಿನದ್ದು. ಮಿಡಿ ಉಪ್ಪಿನಕಾಯಿ, ಕಾಫಿ ಪುಡಿ, ಅಕ್ಕಿ ಹಪ್ಪಳ, ಜತೆಗೆ ಹಬ್ಬಕ್ಕೆಂದು ಎಳ್ಳು ಬೆಲ್ಲ. ತಮ್ಮ ಮೊದಲೇ ಎಚ್ಚರಿಸಿದ್ದ. "ಗಸಗಸೆ ಒಂದು ಕಾಳೂ ತರಬೇಡ. ಇಲ್ಲಿ ಅದು ನಿಷಿದ್ಧ. ಮಸಾಲೆ ಪುಡಿಯಲ್ಲೂ ಇರಬಾರದು." ಹೋಗುವವರು ಇದನ್ನು ನಿಜವಾಗಿಯೂ ನೆನಪಿಡಿ. ನಮ್ಮ ಮನೆಗಳಲ್ಲಿ ಪಾಯಸಕ್ಕೆ, ಸಾಗುವಿಗೆ ಹಾಕುವ ಸಾಮಾನು, ಅಲ್ಲಿ ಮಾದಕ ವಸ್ತುವಿನ ಲೆಕ್ಕ. ಅಮ್ಮ ಡಬ್ಬಿಗಳನ್ನೆಲ್ಲ ಸುರಿದು ಮತ್ತೆ ತುಂಬಿದ್ದರು. ಆದರೂ ದಾರಿಯುದ್ದಕ್ಕೂ ಒಂದೇ ಕಳವಳ, ಬಿಳಿ ಎಳ್ಳನ್ನು ಯಾರಾದರೂ ಗಸಗಸೆ ಅಂದುಕೊಂಡರೆ? ಯಾರೂ ಕೇಳಲಿಲ್ಲ.

ತಮ್ಮನ ಮನೆ ಇರುವುದು ಮುಸಫ್ಫಾದ ಶಾಬಿಯಾದಲ್ಲಿ. ಬಾಲ್ಕನಿಯಿಂದ ನೋಡಿದರೆ ಮಲಯಾಳಂ ಬೋರ್ಡಿನ ಅಂಗಡಿ, ಕೆಳಗೆ ಚಹಾದ ಹೋಟೆಲು. ರಾತ್ರಿ ಊಟ ಆದ ಮೇಲೆ ಎಲ್ಲರೂ ಕೆಳಗಿಳಿದು ಕರಕ್ ಚಾಯ್ ಕುಡಿದೆವು. ಏಲಕ್ಕಿ ಹಾಕಿ, ಹಾಲನ್ನು ಚೆನ್ನಾಗಿ ಕುದಿಸಿ ಮಾಡಿದ ಗಟ್ಟಿ ಚಹಾ. ಕಾಫಿ ನಾಡಿನವರಾದ ನಮಗೂ ಅದು ಹಿಡಿಸಿತು. ಚಳಿ ಇತ್ತು. ಮರಳುಗಾಡು ಅಂದರೆ ಬರೀ ಸೆಕೆ ಅಂದುಕೊಂಡು ಬಂದಿದ್ದೆ, ಸ್ವೆಟರ್ ತರದಿದ್ದಕ್ಕೆ ಪಶ್ಚಾತ್ತಾಪ ಆಯಿತು. ಜನವರಿಯಲ್ಲಿ ಹೋಗುವವರು ಒಂದು ತೆಳು ಸ್ವೆಟರ್ ಇಟ್ಟುಕೊಳ್ಳಿ.

ಎರಡನೇ ದಿನ, ಸೋಮವಾರ

ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಎದುರಿನ ಕಟ್ಟಡವೇ ಇಲ್ಲ! ಅಷ್ಟು ಮಂಜು. ಚಳಿಗಾಲದ ಬೆಳಗಿನಲ್ಲಿ ಇಲ್ಲಿ ಹೀಗಾಗುತ್ತದಂತೆ. ಅಪ್ಪನ ಮುಖ ಅರಳಿತು. "ನಮ್ಮ ಕೊಟ್ಟಿಗೆಹಾರದ ತರಾನೇ ಇದೆಯಲ್ಲೇ ಪುಟ್ಟಿ!"

ಶೇಖ್ ಜಾಯೆದ್ ಮಸೀದಿಗೆ ಹೊರಟೆವು. ಹೆದ್ದಾರಿಯ ಮೇಲಿನ ವಿದ್ಯುತ್ ಫಲಕಗಳಲ್ಲಿ 80 ಅಂತ ಮಿನುಗುತ್ತಿತ್ತು. ಮಂಜು ಬಿದ್ದಾಗ ವೇಗದ ಮಿತಿಯನ್ನು ತಕ್ಷಣ ಇಳಿಸುತ್ತಾರೆ. ಬೇರೆ ಹೊತ್ತಿನಲ್ಲಿ 140 ಇರುವ ರಸ್ತೆಗಳಲ್ಲೂ 80. ಅಬುಧಾಬಿಯಲ್ಲಿ ಫಲಕದಲ್ಲಿ ಬರೆದ ವೇಗವೇ ಕೊನೆ, ಅದರ ಮೇಲೆ ಇಷ್ಟು ರಿಯಾಯಿತಿ ಅನ್ನುವುದೆಲ್ಲ ಇಲ್ಲ. ಒಂದು ಕಿ.ಮೀ. ದಾಟಿದರೂ ಕ್ಯಾಮೆರಾ ಹಿಡಿಯುತ್ತದೆ. ಆ ಅಗಲದ ರಸ್ತೆಯಲ್ಲಿ ಅಷ್ಟೂ ಕಾರುಗಳು ಒಂದೇ ಹದದಲ್ಲಿ ನಿಧಾನವಾಗಿ ಹೋಗುವುದನ್ನು ಅಪ್ಪ ಬಹಳ ಹೊತ್ತು ನೋಡಿದರು. "ಇದು ಚೆನ್ನಾಗಿದೆ" ಅಂದರು.

ಮಸೀದಿ ತಲುಪುವ ಹೊತ್ತಿಗೆ ಮಂಜು ತೆಳ್ಳಗಾಗಿ, ಬಿಳಿ ಗುಮ್ಮಟಗಳು ಒಂದೊಂದೇ ಹೊರಗೆ ಬಂದವು. 82 ಗುಮ್ಮಟ, ಸಾವಿರಕ್ಕೂ ಹೆಚ್ಚು ಕಂಬ. ಒಳಗಿನ ರತ್ನಗಂಬಳಿ 5,627 ಚದರ ಮೀಟರ್, ಇರಾನಿನ ನೇಕಾರರು ಕೈಯಲ್ಲಿ ಗಂಟು ಹಾಕಿ ನೇಯ್ದದ್ದು. ಪ್ರವೇಶಕ್ಕೆ ದುಡ್ಡಿಲ್ಲ, ಆದರೆ ಆನ್‌ಲೈನಿನಲ್ಲಿ ಮೊದಲೇ ಹೆಸರು ಹಾಕಿಸಬೇಕು. ಹೆಂಗಸರು ತಲೆ ಮುಚ್ಚಬೇಕು, ತೋಳು ಕಾಲು ಪೂರ್ತಿ ಮುಚ್ಚುವ ಸಡಿಲ ಬಟ್ಟೆ ಬೇಕು. ಅಮ್ಮ ಸೆರಗು ಹೊದ್ದು, ಮೇಲೊಂದು ದೊಡ್ಡ ಶಾಲು ಹಾಕಿಕೊಂಡರು. ಕಂಬಗಳ ಮೇಲೆ ಕಲ್ಲು ಕೊರೆದು ಕೂರಿಸಿದ ಬಣ್ಣದ ಹೂಬಳ್ಳಿಗಳನ್ನು ಬೆರಳ ತುದಿಯಿಂದ ಮುಟ್ಟದೆ, ಹತ್ತಿರ ಹೋಗಿ ನೋಡುತ್ತಾ ನಿಂತುಬಿಟ್ಟರು. ಅವರನ್ನು ಅಲ್ಲಿಂದ ಕರೆದುಕೊಂಡು ಬರಲು ಅರ್ಧ ಗಂಟೆ ಬೇಕಾಯಿತು. ನನಗೂ ಅವಸರ ಇರಲಿಲ್ಲ.

ಸಂಜೆ ಕಾರ್ನಿಷ್‌ನಲ್ಲಿ ಸಮುದ್ರದ ಪಕ್ಕ ನಡೆದೆವು. ರಾತ್ರಿ ಗಾಳಿ ಎದ್ದಿತು. ತಮ್ಮ ಫೋನಿನಲ್ಲಿ ಹವಾಮಾನ ನೋಡಿ ಮುಖ ಸಣ್ಣಗೆ ಮಾಡಿಕೊಂಡ. "ನಾಳೆ ಗಾಳಿ ಜಾಸ್ತಿ ಇದ್ದರೆ ಅದನ್ನ ಓಡಿಸಲ್ಲ" ಅಂದ.

ಮೂರನೇ ದಿನ, ಮಂಗಳವಾರ, ಸಂಕ್ರಾಂತಿ

ಅಮ್ಮ ಬೆಳಿಗ್ಗೆ ಬೇಗ ಎದ್ದು ಪೊಂಗಲ್ ಮಾಡಿದರು. ಎಳ್ಳು ಬೆಲ್ಲದ ಸಣ್ಣ ಪೊಟ್ಟಣಗಳನ್ನು ಕಟ್ಟಿ ಪರ್ಸಿನಲ್ಲಿ ಇಟ್ಟುಕೊಂಡರು. "ಹಬ್ಬದ ದಿನ ಯಾರಾದರೂ ನಮ್ಮವರು ಸಿಕ್ಕರೆ ಕೊಡೋಣ."

ನಾವು ಮಂಗಳವಾರ ಆರಿಸಿಕೊಂಡಿದ್ದು ಬೇಕೆಂದೇ. ಇಲ್ಲಿ 2022ರಿಂದ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಅರ್ಧ ದಿನ. ಹಳೆಯ ಬರಹ ಓದಿ ಭಾನುವಾರ ಖಾಲಿ ಇರುತ್ತದೆ ಅಂದುಕೊಂಡು ಹೋಗಬೇಡಿ. ವಾರದ ನಡುವೆ ಹೋದರೆ ಸಾಲು ಚಿಕ್ಕದು.

ಯಾಸ್ ದ್ವೀಪದ ಫೆರಾರಿ ವರ್ಲ್ಡ್ ಅನ್ನುವ ಆಟದ ಪಾರ್ಕು ದೂರದಿಂದಲೇ ಕಾಣುತ್ತದೆ. ನೆಲಕ್ಕೆ ಅಂಟಿದಂತೆ ಹರಡಿದ ದೊಡ್ಡ ಕೆಂಪು ಮಾಡು. ಮಾಡಿನ ಮೇಲೆ ನೆಗೆಯುವ ಕುದುರೆಯ ಗುರುತು. ಬಹುಪಾಲು ಆಟಗಳು ಈ ಮಾಡಿನ ಕೆಳಗೆ, ತಂಪಿನಲ್ಲಿ. ಪಕ್ಕದಲ್ಲೇ ಫಾರ್ಮುಲಾ ಒನ್ ಓಟ ನಡೆಯುವ ಯಾಸ್ ಮರೀನಾ ಸರ್ಕ್ಯೂಟ್ ಇದೆ, 2009ರಿಂದ ಅಲ್ಲಿ ಅಬುಧಾಬಿ ಗ್ರಾಂಪ್ರಿ ನಡೆಯುತ್ತಿದೆ.

ತಮ್ಮ ಹೇಳಿದ್ದ ರೋಲರ್ ಕೋಸ್ಟರಿನ ಹೆಸರು ಫಾರ್ಮುಲಾ ರೋಸಾ. ಒಳಗೆ ಹೋಗುತ್ತಿದ್ದ ಹಾಗೇ ನೇರವಾಗಿ ಅದರ ಬಾಗಿಲಿಗೆ ನಡೆದೆವು. ಬಾಗಿಲಿಗೆ ಪಟ್ಟಿ ಕಟ್ಟಿತ್ತು. ಗಾಳಿ ಜಾಸ್ತಿ, ಸದ್ಯಕ್ಕೆ ಓಡುತ್ತಿಲ್ಲ. ಯಾವಾಗ ಶುರು ಅಂತ ಹೇಳಲು ಆಗಲ್ಲ ಅಂತ ಅಲ್ಲಿನ ಹುಡುಗಿ ನಯವಾಗಿ ಹೇಳಿದಳು.

ನನಗೆ ಅಳುವೇ ಬಂತು. ಇಷ್ಟು ದೂರ ಬಂದಿದ್ದು ಇದಕ್ಕೇ ಅಲ್ವಾ? ನಮ್ಮ ಪಕ್ಕದಲ್ಲಿದ್ದ ಇಬ್ಬರು ಆ ಹುಡುಗಿಯ ಹತ್ತಿರ ಜೋರು ದನಿಯಲ್ಲಿ ವಾದಿಸುತ್ತಿದ್ದರು. ಅಪ್ಪ ಮಾತ್ರ ಸಮಾಧಾನದಲ್ಲಿದ್ದರು. ಒಂದು ಬೆಂಚಿನ ಮೇಲೆ ಕೂತು ನಮ್ಮನ್ನೂ ಕೂರಿಸಿಕೊಂಡರು.

"2019ರ ಆಗಸ್ಟ್ ನೆನಪಿದೆಯಾ?" ಅಂದರು.

ನೆನಪಿಲ್ಲದೆ ಏನು? ಆ ಮಳೆಗೆ ಚಾರ್ಮಾಡಿಯ ಗುಡ್ಡವೇ ಹಲವು ಕಡೆ ಜರಿದು ಬಂದು, ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಅದಕ್ಕೆ ಮುಂಚಿನ ಒಂದು ರಾತ್ರಿ ಅಪ್ಪ ಕೊಟ್ಟಿಗೆಹಾರದಲ್ಲಿ ಬಸ್ಸು ನಿಲ್ಲಿಸಿಬಿಟ್ಟಿದ್ದರು. ರಸ್ತೆ ಇನ್ನೂ ತೆರೆದೇ ಇತ್ತು. ಯಾರೂ ಹೋಗಬೇಡ ಅಂದಿರಲಿಲ್ಲ. ಆದರೆ ಚರಂಡಿಯ ನೀರು ಕೆಂಪಗೆ, ಮಣ್ಣು ತುಂಬಿಕೊಂಡು ಬರುತ್ತಿತ್ತಂತೆ. ಬಸ್ಸಿನಲ್ಲಿದ್ದವರು ಬೈದರು. ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕು, ಇಂಟರ್ವ್ಯೂ ಇದೆ, ನಿಮಗೇನು. ಅಪ್ಪ ಎಲ್ಲರಿಗೂ ತಮ್ಮ ದುಡ್ಡಿನಲ್ಲಿ ಚಹಾ ಕೊಡಿಸಿ, ಬೆಳಗಿನ ತನಕ ಕೂತಿದ್ದರು.

"ಆ ಹುಡುಗೀನ ಬೈಬಾರದು ಕಣೇ. ನಿಲ್ಲಿಸಿದವರಿಗೆ ಏನೋ ಕಂಡಿರುತ್ತೆ."

ಅಮ್ಮ ಎದ್ದು ಹೋಗಿ ಆ ಹುಡುಗಿಯ ಕೈಗೆ ಒಂದು ಪೊಟ್ಟಣ ಎಳ್ಳು ಬೆಲ್ಲ ಕೊಟ್ಟು ಬಂದರು. ಅವಳು ಫಿಲಿಪೀನ್ಸಿನವಳು. ಏನು ಅಂತ ಅರ್ಥ ಆಗದಿದ್ದರೂ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಹೊತ್ತು ಕಳೆಯಲು ಬೇರೆ ಕಡೆ ಓಡಾಡಿದೆವು. ಹಳೆಯ ಕಾರುಗಳ ಸಾಲು ನೋಡಿದೆವು. ಮಧ್ಯಾಹ್ನ ಗಾಳಿ ಸ್ವಲ್ಪ ಇಳಿದು ಫ್ಲೈಯಿಂಗ್ ಏಸಸ್ ಅನ್ನುವ ಇನ್ನೊಂದು ಕೋಸ್ಟರ್ ಶುರುವಾಯಿತು, ನಾನು ತಮ್ಮ ಅದರಲ್ಲಿ ಕೂತೆವು. ಅದು ಮೊದಲ ಮಹಾಯುದ್ಧದ ಇಟಲಿಯ ಪೈಲಟ್ ಫ್ರಾಂಚೆಸ್ಕೊ ಬರಾಕಾ ಅವರ ನೆನಪಿನಲ್ಲಿ ಮಾಡಿದ್ದು. ಅವರ ವಿಮಾನದ ಮೇಲೆ ಇದ್ದ ನೆಗೆಯುವ ಕುದುರೆಯೇ ಮುಂದೆ ಫೆರಾರಿ ಕಾರಿನ ಗುರುತಾಯಿತು. ಆ ಕೋಸ್ಟರ್ ನಮ್ಮನ್ನು ಕಡಿದಾದ ಏರಿನಲ್ಲಿ ಕೇಬಲ್ ಹಾಕಿ ಎಳೆದು, 52 ಮೀಟರ್ ಎತ್ತರದ ಸುತ್ತಿಗೆ ಬಿಡುತ್ತದೆ. ಹತ್ತುವಾಗ ಹೆದರಲು ಸಮಯ ಸಿಗುತ್ತದೆ. ಸಾಮಾನ್ಯ ರೋಲರ್ ಕೋಸ್ಟರ್ ಎಲ್ಲ ಇದೇ ಲೆಕ್ಕ ತಾನೆ? ಮೊದಲು ಮೇಲಕ್ಕೆ ಎಳೆಯುವುದು, ಆಮೇಲೆ ಇಳಿಜಾರು ತನ್ನ ಕೆಲಸ ಮಾಡುವುದು.

ಫಾರ್ಮುಲಾ ರೋಸಾ ಹಾಗಲ್ಲ. ಅದಕ್ಕೆ ಹತ್ತಿಸುವ ಏರೇ ಇಲ್ಲ. ನಿಂತ ನೆಲದಿಂದಲೇ ಎಸೆಯುತ್ತಾರೆ.

ಮೂರೂವರೆ ಹೊತ್ತಿಗೆ ಪಟ್ಟಿ ತೆಗೆದರು. ಓಡಿದೆವು. ಅಮ್ಮನಿಗೆ ಬಿಪಿ ಇದೆ, ಅವರು ಬರುವ ಹಾಗಿಲ್ಲ. ಹೃದಯದ ತೊಂದರೆ, ಬಿಪಿ, ಕುತ್ತಿಗೆ ಬೆನ್ನು ನೋವು ಇರುವವರು, ಗರ್ಭಿಣಿಯರು ಹತ್ತಬಾರದು. ಮಕ್ಕಳು ಕನಿಷ್ಠ 140 ಸೆಂ.ಮೀ. ಎತ್ತರ ಇರಬೇಕು. ಅಪ್ಪನಿಗೆ 61. ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದಿದ್ದರು. ಕನ್ನಡಕ, ಫೋನು, ಪರ್ಸು ಯಾವುದೂ ಒಯ್ಯುವಂತಿಲ್ಲ. ಅಪ್ಪ ಕನ್ನಡಕ ತೆಗೆದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಹಿಡಿದುಕೊಂಡು, "ಹುಷಾರು ರೀ" ಅಂದರು.

ಸಾಲಿನಲ್ಲಿ ನಮ್ಮ ಮಾತು ಕೇಳಿ ಮುಂದಿದ್ದ ಹುಡುಗ ತಿರುಗಿದ. "ಕನ್ನಡದವರಾ? ನಾನು ಬಂಟ್ವಾಳ."

ನೋಡಿ, ಅಬುಧಾಬಿಯಲ್ಲಿ ಎಲ್ಲಿ ನಿಂತರೂ ಒಬ್ಬ ದಕ್ಷಿಣ ಕನ್ನಡದವರು ಸಿಕ್ಕೇ ಸಿಗುತ್ತಾರೆ. ಅವನು ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಕ್ರೇನುಗಳ ಹೈಡ್ರಾಲಿಕ್ ಕೆಲಸ ಮಾಡುವವನು. ಇದರಲ್ಲಿ ಕೂರುವುದು ಅವನಿಗೆ ನಾಲ್ಕನೇ ಸಲ. ಅಪ್ಪ ಡ್ರೈವರ್ ಅಂತ ಗೊತ್ತಾದ ಕೂಡಲೇ ಇಬ್ಬರಿಗೂ ನಾವು ಯಾರೂ ಬೇಡವಾದೆವು.

"ಇಂಜಿನ್ ಎಲ್ಲಿರುತ್ತೆ?" ಅಪ್ಪ ಕೇಳಿದರು.

"ಗಾಡಿಯಲ್ಲಿ ಎಂತದೂ ಇಲ್ಲ ಅಂಕಲ್. ಎಲ್ಲ ನೆಲದ ಮೇಲೆ ಉಂಟು. ನಮ್ಮ ಕ್ರೇನಿನ ಕೆಲಸವೇ ಇದು, ಸ್ವಲ್ಪ ದೊಡ್ಡದು ಅಷ್ಟೇ."

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಗಟ್ಟಿ ಸಿಲಿಂಡರುಗಳಲ್ಲಿ ಸಾರಜನಕ ಅನಿಲ ತುಂಬಿರುತ್ತದೆ. ಪಂಪುಗಳು ಎಣ್ಣೆಯನ್ನು ಒತ್ತಿ ಒತ್ತಿ ಆ ಅನಿಲವನ್ನು ಬಿಗಿ ಮಾಡುತ್ತವೆ. ಒಂದು ಗಾಡಿ ಹೋಗಿ ಇನ್ನೊಂದು ಬರುವ ತನಕ ಇದೇ ಕೆಲಸ. ಆಮೇಲೆ ಒಂದೇ ಸಲಕ್ಕೆ ಬಿಡುತ್ತಾರೆ. ಎಣ್ಣೆ ನುಗ್ಗಿ ಹೈಡ್ರಾಲಿಕ್ ಮೋಟಾರುಗಳನ್ನು ತಿರುಗಿಸುತ್ತದೆ, ಅವು ದೊಡ್ಡ ರಾಟೆಯನ್ನು ತಿರುಗಿಸುತ್ತವೆ, ರಾಟೆಗೆ ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತದೆ. ಹಗ್ಗದ ತುದಿಯ ಕೊಕ್ಕೆಗಾಡಿ ನಮ್ಮ ಗಾಡಿಯನ್ನು ಎಳೆದು ಎಸೆಯುತ್ತದೆ. 20,800 ಕುದುರೆ ಬಲ. ಮಾಡಿದ್ದು ಇಂಟಾಮಿನ್ ಅನ್ನುವ ಸ್ವಿಟ್ಜರ್ಲೆಂಡ್ ಮೂಲದ ಕಂಪನಿ. 2010ರ ನವೆಂಬರ್ 4ರಂದು ಪಾರ್ಕಿನ ಜತೆಗೇ ಶುರುವಾಯಿತು. ಅದಕ್ಕೆ ಮುಂಚೆ ಅಮೆರಿಕದ ನ್ಯೂಜೆರ್ಸಿಯ ಕಿಂಗ್ಡಾ ಕಾ ಎಲ್ಲಕ್ಕಿಂತ ವೇಗದ್ದು, 206 ಕಿ.ಮೀ. ನಾವು ಹೋದಾಗ ಸೌದಿಯ ಕಿದ್ದಿಯಾದಲ್ಲಿ 250 ಕಿ.ಮೀ. ವೇಗದ್ದನ್ನು ಕಟ್ಟುತ್ತಿದ್ದರು. ಆದರೆ ಆ ಸಂಜೆ ನಮ್ಮ ಮುಂದಿದ್ದದ್ದೇ ಲೋಕದಲ್ಲಿ ಎಲ್ಲಕ್ಕಿಂತ ಜೋರು.

"ಬಾವಿಯ ರಾಟೆ ತರ" ಅಂದರು ಅಪ್ಪ.

"ಹಾ, ಅದೇ. ಕೊಡಪಾನದ ಜಾಗದಲ್ಲಿ ಹದಿನಾರು ಜನ!"

ನಮ್ಮ ಹುಡುಗ ಲೆಕ್ಕದಲ್ಲೂ ಚುರುಕು. 240ರ ವೇಗದಲ್ಲಿ ಹೋಗುವ ಗಾಡಿಗೆ, ಗಾಳಿ ಮತ್ತು ಉಜ್ಜಾಟ ಬಿಟ್ಟು ನೋಡಿದರೆ, 200 ಮೀಟರಿಗಿಂತ ಎತ್ತರ ಹತ್ತುವ ಶಕ್ತಿ ಇರುತ್ತದಂತೆ. ಆದರೆ ಇದರ ಮೊದಲ ಏರು ಇರುವುದು 52 ಮೀಟರ್ ಮಾತ್ರ. ಅದಕ್ಕೇ ಏರಿನ ನೆತ್ತಿಯಲ್ಲಿ ಇದು ನಿಲ್ಲುವುದಿಲ್ಲ, ತಡೆಯುವುದಿಲ್ಲ, ಹಾರಿಕೊಂಡೇ ಹೋಗುತ್ತದೆ. ಒಟ್ಟು ಹಾದಿ ಸುಮಾರು ಎರಡು ಕಿ.ಮೀ. ಇಟಲಿಯ ಮೊಂಜಾ ಓಟದ ಹಾದಿಯ ಆಕಾರ ನೋಡಿ ಎಳೆದದ್ದು. ಎಲ್ಲ ಮುಗಿಯಲು ಒಂದೂವರೆ ನಿಮಿಷ.

"ಅದೆಲ್ಲ ಸರಿ ಮಗಾ. ಬ್ರೇಕು?"

ಹುಡುಗ ನಕ್ಕ. "ಆಯಸ್ಕಾಂತ ಅಂಕಲ್."

ಹಳಿಯ ಹತ್ತಿರ ಆಯಸ್ಕಾಂತ, ಅದರ ನಡುವೆ ಲೋಹದ ಹಲಗೆ. ಒಂದು ಇನ್ನೊಂದಕ್ಕೆ ತಾಗುವುದೇ ಇಲ್ಲ. ವೇಗವಾಗಿ ಹಾದುಹೋಗುವಾಗ ಲೋಹದೊಳಗೆ ವಿದ್ಯುತ್ತಿನ ಸುಳಿ ಏಳುತ್ತದೆ, ಆ ಸುಳಿಯೇ ಹಿಂದಕ್ಕೆ ಎಳೆಯುತ್ತದೆ. ಒಂದು ಮಿತಿಯ ತನಕ, ಎಷ್ಟು ಜೋರಾಗಿ ಬಂದರೆ ಅಷ್ಟು ಜೋರು ಹಿಡಿತ. ಕರೆಂಟ್ ಹೋದರೂ ಕೆಲಸ ಮಾಡುತ್ತದೆ, ಯಾಕೆಂದರೆ ಕಾಯಂ ಆಯಸ್ಕಾಂತಕ್ಕೆ ಕರೆಂಟೇ ಬೇಡ. ಒದ್ದೆಯಾದರೂ ಜಾರುವುದಿಲ್ಲ.

"ಲೈನರ್ ಸವೆಯಲ್ವಾ?"

"ತಾಗಿದರಲ್ವಾ ಸವೆಯುವುದು?"

"ಬಿಸಿ ಆಗಿ ಬ್ರೇಕ್ ಹಿಡಿಯದೆ ಹೋಗೋದು?"

"ಅದೂ ಇಲ್ಲ. ಆದರೆ ಒಂದು ಉಂಟು. ಗಾಡಿ ತೀರಾ ನಿಧಾನ ಆದರೆ ಹಿಡಿತವೂ ಕಮ್ಮಿ. ಪೂರ್ತಿ ನಿಲ್ಲಿಸಲು ಬೇರೆ ಬ್ರೇಕ್ ಬೇಕು. ದೊಡ್ಡ ಲಾರಿಗಳಲ್ಲಿ ವೇಗ ತಗ್ಗಿಸುವ ರಿಟಾರ್ಡರ್ ಬರುತ್ತದಲ್ಲ, ಕರೆಂಟಿನದ್ದು, ಅದರದ್ದೂ ಇದೇ ಕಥೆ. ನೀವು ಒಮ್ಮೆ ತಾಮ್ರದ ಪೈಪಿನ ಒಳಗೆ ಆಯಸ್ಕಾಂತ ಬಿಟ್ಟು ನೋಡಿ ಅಂಕಲ್. ಕಲ್ಲಿನ ಹಾಗೆ ಬೀಳುವುದಿಲ್ಲ. ತೇಲಿಕೊಂಡು ಬರುತ್ತದೆ."

ಅಪ್ಪ ತಲೆ ಅಲ್ಲಾಡಿಸುತ್ತಲೇ ಇದ್ದರು. ಘಾಟಿ ಇಳಿಯುವ ಡ್ರೈವರಿಗೆ ಬಿಸಿಯಾದ ಬ್ರೇಕ್ ಡ್ರಮ್ಮಿಗಿಂತ ದೊಡ್ಡ ಹೆದರಿಕೆ ಇಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಕಾಲು ಬ್ರೇಕಿನ ಮೇಲೇ ಇಡಬಾರದು ಅಂತ ಅವರು ಹೊಸ ಹುಡುಗರಿಗೆ ಹೇಳುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಬಸ್ಸಿನಲ್ಲಿ ಕೂತು ಬರುವಾಗ ಬೆಳ್ತಂಗಡಿಯ ಹತ್ತಿರ ಆ ಸುಟ್ಟ ವಾಸನೆ ಬಂದರೆ ಸಾಕು, ಅವರು ಎದ್ದು ಡ್ರೈವರಿನ ಹತ್ತಿರ ಹೋಗುತ್ತಿದ್ದರು.

ನಮ್ಮ ಸರದಿ ಬರುವ ಮುಂಚೆ ಖಾಲಿ ಗಾಡಿ ಒಂದು ಸುತ್ತು ಹೋಗಿ ಬಂತು. ಗಾಳಿ ನಿಂತ ಮೇಲೆ ಪರೀಕ್ಷೆ ಇರಬೇಕು. ದೂರದಲ್ಲಿ ಗುಡುಗಿದ ಹಾಗೆ ಒಂದು ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಖಾಲಿ ಸೀಟುಗಳು ಮೆಲ್ಲಗೆ ವಾಪಸ್ ಬಂದವು. ಅಪ್ಪನಿಗೆ ಅದು ಬಹಳ ಹಿಡಿಸಿತು. "ಡಿಪೋದಿಂದ ಹೊರಡೋ ಮುಂಚೆ ನಾವೂ ಹೀಗೇ ನೋಡ್ತಿದ್ದೆವು."

ಕೆಂಪು ಗಾಡಿ, ಓಟದ ಕಾರಿನ ಮೂತಿ. ಒಂದು ಸಾಲಿಗೆ ಇಬ್ಬರು. ನಾನು ಅಪ್ಪ ಒಟ್ಟಿಗೆ ಕೂತೆವು. ಎಲ್ಲರಿಗೂ ಕಣ್ಣಿಗೆ ಹಾಕುವ ದಪ್ಪ ಕನ್ನಡಕ ಕೊಟ್ಟರು. ಈ ವೇಗದಲ್ಲಿ ಮರಳಿನ ಕಾಳೋ ಹುಳುವೋ ಬಡಿದರೆ ಕಣ್ಣಿಗೆ ಅಪಾಯ. ಹಿಂದಿನಿಂದ ಬಂಟ್ವಾಳದ ಹುಡುಗ ಕೂಗಿದ. "ತಲೆ ಹಿಂದಕ್ಕೆ ಒರಗಿಸಿ ಇಡಿ ಅಂಕಲ್. ಬಿಟ್ಟ ಮೇಲೆ ಒರಗಿಸುತ್ತೇನೆ ಅಂದರೆ ಆಗುವುದಿಲ್ಲ." ಯಾರೇ ಹೋದರೂ ಈ ಮಾತು ಕೇಳಿ.

ಗಾಡಿ ಮೆಲ್ಲಗೆ ಮುಂದೆ ಸರಿದು ನಿಂತಿತು. ಅಪ್ಪನ ಎಡಗೈ ನನ್ನ ಕೈ ಮೇಲೆ ಇತ್ತು.

ಮುಂದಿನದ್ದನ್ನು ಹೇಗೆ ಹೇಳಲಿ? ಯಾರೋ ಎದೆಯ ಮೇಲೆ ಕೈ ಇಟ್ಟು ಸೀಟಿಗೆ ಒತ್ತಿದರು. ಕಿರುಚಬೇಕು ಅಂತ ಬಾಯಿ ತೆಗೆದೆ, ಉಸಿರೇ ಹೊರಡಲಿಲ್ಲ. ಇನ್ನೂ ಜೋರು ಆಗಲು ಸಾಧ್ಯವಿಲ್ಲ ಅನ್ನಿಸಿದ ಮೇಲೂ ಅದು ಜೋರಾಗುತ್ತಲೇ ಹೋಯಿತು. ಕೆನ್ನೆ ಹಿಂದಕ್ಕೆ ಹೋಯಿತು, ಕಿವಿಯಲ್ಲಿ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಐದು ಸೆಕೆಂಡು ಅಂದರೆ ಬಹಳ ಕಡಿಮೆ ಅಂದುಕೊಂಡಿದ್ದೆ. ಅದು ಕಡಿಮೆ ಅಲ್ಲ. ಅಷ್ಟರಲ್ಲಿ ಹಳಿ ಎದ್ದು ನಿಂತಿತು, ಆಕಾಶ ಕಾಲ ಕೆಳಗೆ ಬಂದ ಹಾಗಾಯಿತು. ನೆತ್ತಿಯಲ್ಲಿ ಒಂದು ಕ್ಷಣ ಸಮುದ್ರ ಕಂಡಿತು, ನೀಲಿ ಪಟ್ಟಿ. ಸೀಟಿನಿಂದ ಮೈ ಮೇಲಕ್ಕೆದ್ದಿತು. ಆಮೇಲೆ ಇಳಿತ, ಆಮೇಲೆ ಒಂದರ ಹಿಂದೆ ಒಂದು ತಿರುವು. ಒಂದೊಂದು ತಿರುವಿನಲ್ಲೂ ತಲೆ ಅಕ್ಕಿ ಮೂಟೆಯಷ್ಟು ಭಾರ, ಒಂದೊಂದು ದಿಬ್ಬದಲ್ಲೂ ಹತ್ತಿಯಷ್ಟು ಹಗುರ.

ಒಂದು ಉದ್ದನೆಯ ತಿರುವಿನಲ್ಲಿ ಕೆಳಗೆ ನೋಡಿದೆ. ಅಪ್ಪನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಬಿಡುವುದು, ಮತ್ತೆ ಒತ್ತುವುದು. ಚಾರ್ಮಾಡಿಯ ತಿರುವಿನಲ್ಲಿ ಹೇಗೆ ಮಾಡುತ್ತಿದ್ದರೋ ಹಾಗೇ, ಹದವಾಗಿ.

ಕೊನೆಗೆ ಬ್ರೇಕು. ಕಿರ್ ಅನ್ನುವ ಸದ್ದಿಲ್ಲ, ಕುಲುಕಾಟ ಇಲ್ಲ. ದಪ್ಪ ಜೇನಿನೊಳಗೆ ಹೋದ ಹಾಗೆ ಮೈ ಮುಂದಕ್ಕೆ ಬಾಗಿತು, ಅಷ್ಟೇ. ಅಪ್ಪನ ಕಾಲು ತಾನಾಗಿ ಸಡಿಲವಾಯಿತು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಇಳಿದ ಮೇಲೆ ಕಂಬಿ ಹಿಡಿದು ನಿಂತು ಹಳಿಯ ಆ ಕೊನೆಯ ಭಾಗವನ್ನೇ ನೋಡಿದರು. ಕನ್ನಡಕ ಇರಲಿಲ್ಲ, ಏನು ಕಂಡಿತೋ. ಹೊರಗೆ ಬಂದಾಗ ಅಮ್ಮ ಕನ್ನಡಕ ತಾವೇ ಅವರ ಕಿವಿಗೆ ಹಾಕಿ, "ಹೇಗಿತ್ತು ರೀ?" ಅಂದರು.

"ಬ್ರೇಕ್ ಹಿಡಿದಿದ್ದೇ ಗೊತ್ತಾಗಲಿಲ್ಲ ಕಣೇ" ಅಂದರು ಅಪ್ಪ. ಅವರ ಕಣ್ಣು ಒದ್ದೆ ಇತ್ತು. ಗಾಳಿಗೆ ಇರಬಹುದು, ನಮ್ಮ ಎಲ್ಲರ ಕಣ್ಣೂ ಒದ್ದೆ ಇತ್ತು.

ಬಂಟ್ವಾಳದ ಹುಡುಗನಿಗೆ ಅಮ್ಮ ಎಳ್ಳು ಬೆಲ್ಲ ಕೊಟ್ಟರು. ಅವನು ಅಲ್ಲೇ ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಂಡ. "ಮೂರು ವರ್ಷ ಆಯಿತು ಆಂಟಿ ತಿನ್ನದೆ" ಅಂದ. ಇನ್ನೆರಡು ಪೊಟ್ಟಣ ಅವನ ಜೇಬಿಗೆ ಹಾಕಿ ಕಳಿಸಿದರು.

ನಾಲ್ಕನೇ ದಿನ, ಬುಧವಾರ

ಮೈ ಕೈ ನೋವು. ಕುತ್ತಿಗೆ ತಿರುಗಿಸಲು ಸ್ವಲ್ಪ ಕಷ್ಟ, ಆದರೆ ಅಪ್ಪನಿಗೆ ಏನೂ ಇಲ್ಲ.

ಅಬು ಮುರೇಖಾದ ಸ್ವಾಮಿನಾರಾಯಣ ಮಂದಿರಕ್ಕೆ ಹೋದೆವು. 2024ರ ಫೆಬ್ರುವರಿಯಲ್ಲಿ ಆರಂಭವಾಗಿದ್ದು. ಏಳು ಎಮಿರೇಟುಗಳಿಗೆ ಏಳು ಶಿಖರ. ರಾಜಸ್ಥಾನದ ಗುಲಾಬಿ ಕಲ್ಲನ್ನು ಅಲ್ಲೇ ಕೆತ್ತಿ, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿದ್ದಾರೆ. ಕಬ್ಬಿಣ ಹಾಕಿಲ್ಲ. ಇಲ್ಲಿಗೂ ಮೊದಲೇ ಆನ್‌ಲೈನಿನಲ್ಲಿ ಹೆಸರು ಹಾಕಿಸಿಕೊಳ್ಳಿ. ಅಮ್ಮ ಹಬ್ಬದ ಮಾರನೆಯ ದಿನವಾದರೂ ದೇವರ ದರ್ಶನ ಆಯಿತಲ್ಲ ಅಂತ ಸಂತೋಷಪಟ್ಟರು.

ವಾಪಸ್ ಬರುವಾಗ ತಮ್ಮ ದುಬೈ ಕಡೆಯ ಶೇಖ್ ಮೊಹಮ್ಮದ್ ಬಿನ್ ರಶೀದ್ ರಸ್ತೆಯ ವಿಷಯ ಹೇಳಿದ. ಆಗ ಅಲ್ಲಿ ಎಡಗಡೆಯ ಎರಡು ಲೇನುಗಳಲ್ಲಿ 120ಕ್ಕಿಂತ ನಿಧಾನ ಹೋದರೆ 400 ದಿರ್ಹಂ ದಂಡ ಇತ್ತು; 2025ರ ಏಪ್ರಿಲಿನಲ್ಲಿ ಆ ನಿಯಮ ತೆಗೆದರು. ಅಪ್ಪ ನಂಬಲಿಲ್ಲ. "ನಿಧಾನ ಹೋದರೆ ದಂಡವಾ?" ಅಂತ ಎರಡು ಸಲ ಕೇಳಿದರು. ಆಮೇಲೆ ಮನೆ ತಲುಪುವ ತನಕ ಯೋಚಿಸುತ್ತಿದ್ದರು.

ಸಂಜೆ ಅವರದ್ದೇ ಒಂದು ಬೇಡಿಕೆ. ಊರಿಗೆ ಖರ್ಜೂರ, ಸೆಂಟು ತೆಗೆದುಕೊಳ್ಳುವ ಹೊತ್ತಿನಲ್ಲಿ ಅವರು ತಮ್ಮನನ್ನು ಮುಸಫ್ಫಾದ ಕೈಗಾರಿಕಾ ಪ್ರದೇಶದ ಅಂಗಡಿಗೆ ಕರೆದುಕೊಂಡು ಹೋದರು. ಬೆರಳ ಗಾತ್ರದ ಒಂದು ಆಯಸ್ಕಾಂತ, ಒಂದು ಅಡಿ ಉದ್ದದ ದಪ್ಪ ತಾಮ್ರದ ಪೈಪು. ಎರಡನ್ನೂ ಕಾಗದದಲ್ಲಿ ಸುತ್ತಿಸಿ ತಂದರು.

ಕೊನೆಯ ದಿನ, ಚಾರ್ಮಾಡಿ

ಮಂಗಳೂರಿಗೆ ಇಳಿದು ಬಸ್ ಹಿಡಿದೆವು. ಉಜಿರೆ ದಾಟಿದ ಮೇಲೆ ತಂಪು ಗಾಳಿ, ಹಸಿರಿನ ವಾಸನೆ. ಡ್ರೈವರ್ ಅಪ್ಪನ ಹಳೆಯ ಪರಿಚಯದವರು. ಘಾಟಿ ಹತ್ತುವಷ್ಟು ಹೊತ್ತೂ ಅಪ್ಪ ಮಾತಾಡಿಸಲಿಲ್ಲ, ಅದು ಅವರ ನಿಯಮ.

ಕೊಟ್ಟಿಗೆಹಾರದಲ್ಲಿ ಬಸ್ ನಿಂತಿತು. ನೀರು ದೋಸೆ, ಕಾಯಿ ಚಟ್ನಿ, ಬಿಸಿ ಕಾಫಿ. ಅಬುಧಾಬಿಯಲ್ಲಿ ನಾಲ್ಕು ದಿನ ಚೆನ್ನಾಗಿಯೇ ತಿಂದಿದ್ದೆವು, ಆದರೂ ಆ ದೋಸೆಯನ್ನು ಮುರಿದು ಬಾಯಿಗೆ ಇಟ್ಟಾಗಲೇ ಹೊಟ್ಟೆ ಊರಿಗೆ ಬಂದಿದ್ದು. ಡ್ರೈವರೂ ಕಂಡಕ್ಟರೂ ನಮ್ಮ ಮೇಜಿಗೆ ಬಂದು ಕೂತರು.

"ಏನಣ್ಣ, ಇನ್ನೂರ ನಲವತ್ತು ಹೊಡೆದ್ರಂತೆ?"

"ಅದು ಇರ್ಲಿ ಬಿಡೋ" ಅಂದರು ಅಪ್ಪ. "ಇಲ್ಲಿ ನೋಡು."

ಕೈಚೀಲದಿಂದ ಕಾಗದದ ಸುತ್ತು ತೆಗೆದು ಬಿಚ್ಚಿದರು. ತಾಮ್ರದ ಪೈಪನ್ನು ಮೇಜಿನ ಮೇಲೆ ನೆಟ್ಟಗೆ ಹಿಡಿದರು. ಮೊದಲು ಒಂದು ಸಣ್ಣ ಕಲ್ಲು ಹಾಕಿದರು. ಟಕ್ ಅಂತ ಬಿತ್ತು. ಆಮೇಲೆ ಆಯಸ್ಕಾಂತವನ್ನು ಪೈಪಿನ ಬಾಯಿಗೆ ಇಟ್ಟು ಬಿಟ್ಟರು. ಪಕ್ಕದ ಮೇಜಿನವರೂ ದೋಸೆ ಬಿಟ್ಟು ಬಗ್ಗಿ ನೋಡಿದರು. ಕಂಡಕ್ಟರ್ ಪೈಪಿನ ಕೆಳಗೆ ಅಂಗೈ ಚಾಚಿದರು.

"ಒಂದು" ಅಂದರು ಅಪ್ಪ. "ಎರಡು..."

ಡ್ರೈವರ್ ಕಾಫಿ ಲೋಟ ಕೆಳಗಿಟ್ಟು ಪೈಪಿನ ಬಾಯಿಯೊಳಗೆ ಒಂದು ಕಣ್ಣು ಇಟ್ಟರು. "ಅಯ್ಯೋ, ಇನ್ನೂ ಬರ್ತಾನೇ ಇದೆ ಅಣ್ಣ!"

"ತಾಗಿದೆಯಾ ನೋಡು. ಎಲ್ಲಾದರೂ ತಾಗಿದೆಯಾ?"